ಮ್ಯಾಂಚೆಸ್ಟರಿನಲ್ಲಿ ಕುಳಿತು ಮಂಡ್ಯವನ್ನು ಓದುವುದು

ನಾನು ಮಂಡ್ಯ ಜಿಲ್ಲೆಯವಳು. ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದುಕೊಂಡು ಸಾಮಾಜಿಕ ಮಾನವಶಾಸ್ತ್ರವನ್ನು ಓದುತ್ತಿದ್ದೇನೆ. ಈ ಶಾಸ್ತ್ರ ಕಾಡಿನಲ್ಲಿ ವಾಸಿಸುವ ಬುಡಕಟ್ಟುಗಳ ಕುರಿತದ್ದು ಎಂಬ ಭಾವನೆ ನಮ್ಮ ಕಡೆ ಈಗಲೂ ಇದೆ. ಆದರೆ ಇಲ್ಲಿನ ವಿಭಾಗಕ್ಕೆ ಹೆಸರು ತಂದುಕೊಟ್ಟ ಅಧ್ಯಯನಗಳಲ್ಲಿ ಒಂದು ನಮ್ಮದೇ ನಾಲೆಯ ಬಯಲಿನಲ್ಲಿ, ಕಬ್ಬಿನ ಗದ್ದೆಗಳ ನಡುವೆ ನಡೆದದ್ದು. ಅದನ್ನು ಊರಿನವರಿಗೆ ತಿಳಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಈ ವಿಭಾಗವನ್ನು 1949ರಲ್ಲಿ ಕಟ್ಟಿದವರು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಮ್ಯಾಕ್ಸ್ ಗ್ಲಕ್‌ಮನ್. ಅವರ ಶಿಷ್ಯರಲ್ಲೊಬ್ಬರು ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಇಂಗ್ಲೆಂಡನ್ನು ಸೇರಿದ ಆಕೆ ಅರ್ಥಶಾಸ್ತ್ರವನ್ನು ಕಲಿತು, 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸಿದರು. ಊರಿನ ಜನರ ಗುರುತು ಹೊರಬೀಳದಿರಲೆಂದು ಆ ಹಳ್ಳಿಗಳಿಗೆ ವಂಗಲ, ದಲೇನ ಎಂಬ ಬದಲಿ ಹೆಸರುಗಳನ್ನಿಟ್ಟರು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದಾಗ ವಂಗಲದ ಹೊಲಗಳು ಗದ್ದೆಗಳಾದವು. ದಲೇನದ ಭೂಮಿ ನಾಲೆಗಿಂತ ಎತ್ತರದಲ್ಲಿದ್ದುದರಿಂದ ಅಲ್ಲಿಗೆ ನೀರು ಏರಲಿಲ್ಲ. ಸುತ್ತಲಿನ ಊರುಗಳೆಲ್ಲ ಹಸಿರಾದರೂ ಅದೊಂದು ಬೆದ್ದಲಾಗಿಯೇ ಉಳಿಯಿತು.

ನೀರು ಬಂದ ಊರು ಬದಲಾಗುತ್ತದೆ, ನೀರಿಲ್ಲದ ಊರು ಹಿಂದೆ ಬೀಳುತ್ತದೆ ಎಂದು ಯಾರಾದರೂ ಊಹಿಸುತ್ತಾರೆ. ಎಪ್‌ಸ್ಟೈನ್ ಕಂಡದ್ದು ಬೇರೆ. ವಂಗಲದಲ್ಲಿ ಹಣ ಹರಿಯಿತು. ಕಬ್ಬು ಬೆಳೆದು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸಾಗಿಸಿದ ಒಕ್ಕಲಿಗ ಕುಟುಂಬಗಳು ಅನುಕೂಲಸ್ಥರಾದವು. ಆದರೂ ಬೇಸಾಯಗಾರರು ಬೇಸಾಯಗಾರರಾಗಿಯೇ ಉಳಿದರು, ಅವರ ಗದ್ದೆಗಳಲ್ಲಿ ದುಡಿಯುತ್ತಿದ್ದ ಆದಿ ಕರ್ನಾಟಕ ಕುಟುಂಬಗಳು ಹಳೇ ಮಕ್ಕಳಾಗಿಯೇ, ಅಂದರೆ ವಂಶಪಾರಂಪರ್ಯದ ಆಳುಗಳಾಗಿಯೇ, ಉಳಿದವು. ತಲೆಮಾರುಗಳಿಂದ ಬಂದ ಆ ಒಡೆಯ-ಆಳಿನ ನಂಟು ಸಡಿಲವಾಗಲಿಲ್ಲ. ದಲೇನದ ಗಂಡಸರಾದರೋ ದಾರಿ ಹುಡುಕಿಕೊಂಡು ಹೊರಟರು. ಪಕ್ಕದ ಊರುಗಳಲ್ಲಿ ನೀರಾವರಿ ಜಮೀನನ್ನು ಕೊಂಡರು, ಕಬ್ಬು ಸಾಗಿಸಲು ಗಾಡಿ ಹೂಡಿದರು, ಮಂಡ್ಯದಲ್ಲಿ ನೌಕರಿ ಹಿಡಿದರು, ವ್ಯಾಪಾರಕ್ಕೆ ಕೈಹಾಕಿದರು. ಅವರ ಸಂಪಾದನೆ ಊರಿನ ಎಲ್ಲೆಯನ್ನು ದಾಟಿದಂತೆ ಊರೊಳಗಿನ ವಂಶಪಾರಂಪರ್ಯದ ಸಂಬಂಧಗಳು ಕಳಚಿಕೊಂಡವು, ಹಿರಿಯ ಮನೆತನಗಳ ಮಾತಿಗೆ ಇದ್ದ ತೂಕ ಇಳಿಯಿತು. ಹೊಸದಾಗಿ ಒದಗಿದ ಆರ್ಥಿಕ ಅವಕಾಶವು ಹಳೆಯ ದುಡಿಮೆಯ ವ್ಯವಸ್ಥೆಯೊಂದಿಗೆ ಹೊಂದಿಕೊಳ್ಳುವಂಥದ್ದಾದರೆ ಸಮಾಜ ಬದಲಾಗದೆಯೇ ಸಿರಿವಂತವಾಗಬಹುದು, ಹೊಂದಿಕೊಳ್ಳದಿದ್ದರೆ ಮಾತ್ರ ಅದರ ಕಟ್ಟು ಬಿಚ್ಚಿಕೊಳ್ಳುತ್ತದೆ ಎಂಬುದು 1962ರಲ್ಲಿ ಪ್ರಕಟವಾದ ಆಕೆಯ ಗ್ರಂಥದ ತಿರುಳು.

ಆಯದ ವಿಷಯದಲ್ಲಿ ಆಕೆ ಮಾಡಿದ ವಿಶ್ಲೇಷಣೆ ನನಗೆ ಇನ್ನೂ ಹೆಚ್ಚು ಮುಖ್ಯವೆನಿಸುತ್ತದೆ. ಕಮ್ಮಾರನಿಗೆ, ಅಗಸನಿಗೆ, ಆಳಿಗೆ ವರ್ಷಕ್ಕೆ ಇಷ್ಟೆಂದು ಕೊಡುತ್ತಿದ್ದ ಧಾನ್ಯದ ಪಾಲಾದ ಈ ಆಯ ಬೆಳೆ ಹುಲುಸಾಗಿ ಬಂದರೂ ಏರುತ್ತಿರಲಿಲ್ಲ, ಬೆಳೆ ಕೈಕೊಟ್ಟರೂ ಇಳಿಯುತ್ತಿರಲಿಲ್ಲ. ಒಳ್ಳೆಯ ವರ್ಷದಲ್ಲಿ ಇದು ಭೂಮಿಯಿಲ್ಲದವನಿಗೆ ಅನ್ಯಾಯವಾಗಿ ಕಾಣುತ್ತದೆ, ಅನ್ಯಾಯವೂ ಹೌದು. ಬರಗಾಲದಲ್ಲಿ ಮಾತ್ರ ಅದೇ ಕಟ್ಟುಪಾಡು ಅವನ ಮನೆಯವರ ಹೊಟ್ಟೆಯನ್ನು ಕಾಯುತ್ತಿತ್ತು. ಇಂಥ ವ್ಯವಸ್ಥೆಯನ್ನು ಬರೀ ಮೌಢ್ಯವೆಂದು ತಳ್ಳಿಹಾಕುವುದಾಗಲಿ ಹಳ್ಳಿಯ ಸಾಮರಸ್ಯವೆಂದು ಹಾಡಿಹೊಗಳುವುದಾಗಲಿ ಸುಲಭ. ಅದು ಯಾರಿಗೆ, ಯಾವ ವರ್ಷದಲ್ಲಿ, ಎಷ್ಟು ಉಪಕಾರ ಮಾಡಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂದು ಲೆಕ್ಕಹಾಕಿ ನೋಡುವುದನ್ನು ಈ ಶಾಸ್ತ್ರ ಕಲಿಸುತ್ತದೆ. 1970ರಲ್ಲಿ ಎಪ್‌ಸ್ಟೈನ್ ಅವೇ ಹಳ್ಳಿಗಳಿಗೆ ಮರಳಿ ಹೋಗಿ ಮತ್ತೆ ಅಧ್ಯಯನ ನಡೆಸಿದರು.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಹೆಸರನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಆಕ್ಸ್‌ಫರ್ಡಿನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಎಂಬ ಮಾನವಶಾಸ್ತ್ರಜ್ಞರ ಬಳಿ ಕಲಿತು, ಕೊಡವರ ಬಗ್ಗೆ 1952ರಲ್ಲಿ ಗ್ರಂಥವನ್ನು ಪ್ರಕಟಿಸಿದ ಅವರು 1953-54ರಲ್ಲಿ ಮ್ಯಾಂಚೆಸ್ಟರಿನಲ್ಲಿಯೂ ಸಂಶೋಧಕರಾಗಿದ್ದರು. ಭೂಮಿ, ಜನಸಂಖ್ಯೆ, ಅಧಿಕಾರ ಮೂರನ್ನೂ ಕೈಯಲ್ಲಿಟ್ಟುಕೊಂಡು ಊರನ್ನು ಆಳುವ ಸಮುದಾಯವನ್ನು ಅವರು ‘ಪ್ರಬಲ ಜಾತಿ’ ಎಂದು ಕರೆದರು. ವರ್ಣಗಳ ಪಟ್ಟಿಯಲ್ಲಿ ಮೇಲಿರುವವರೇ ಊರಿನಲ್ಲಿಯೂ ಮೇಲಿರುತ್ತಾರೆಂಬ ಪುಸ್ತಕದ ನೋಟವನ್ನು ಈ ಒಂದು ಪರಿಕಲ್ಪನೆ ತಿದ್ದಿತು.

ರ‍್ಯಾಡ್‌ಕ್ಲಿಫ್-ಬ್ರೌನ್ ಅವರ ಪರಂಪರೆಯಲ್ಲಿ ಸಮಾಜವೆಂದರೆ ಪ್ರತಿ ಅಂಗವೂ ಇಡೀ ದೇಹವನ್ನು ಉಳಿಸಲು ದುಡಿಯುವ ಒಂದು ರಚನೆಯಾಗಿತ್ತು. ಗ್ಲಕ್‌ಮನ್ ಅದರೊಳಗೆ ಜಗಳವನ್ನು ತಂದರು. 1938ರ ಜನವರಿ 7ರಂದು ದಕ್ಷಿಣ ಆಫ್ರಿಕಾದ ಜುಲು ನಾಡಿನಲ್ಲಿ ನಡೆದ ಒಂದು ಸೇತುವೆಯ ಉದ್ಘಾಟನೆಯನ್ನು ಅವರು ವಿವರವಾಗಿ ದಾಖಲಿಸಿದ್ದಾರೆ: ಕರಿಯರೂ ಬಿಳಿಯರೂ ಒಂದೇ ಸಮಾರಂಭಕ್ಕೆ ಸೇರುತ್ತಾರೆ, ಒಂದೇ ಸೇತುವೆಯನ್ನು ಮೆಚ್ಚುತ್ತಾರೆ, ಆಮೇಲೆ ಹೊಳೆಯ ಆಚೆ ಈಚೆ ಬೇರೆ ಬೇರೆಯಾಗಿ ಕುಳಿತು ತಿಂದು ಕುಡಿಯುತ್ತಾರೆ. ಇಡೀ ಸಮಾಜದ ಒಡಕನ್ನೂ ನಂಟನ್ನೂ ಒಂದು ದಿನದ ಘಟನೆಯಲ್ಲಿ ಓದಬಹುದೆಂಬ ಈ ವಿಧಾನವೇ ಮ್ಯಾಂಚೆಸ್ಟರ್ ಪಂಥದ ಗುರುತಾಯಿತು. ಗ್ಲಕ್‌ಮನ್ ಅವರ ಸಹೋದ್ಯೋಗಿ ಕ್ಲೈಡ್ ಮಿಚೆಲ್ 1956ರಲ್ಲಿ ಪ್ರಕಟಿಸಿದ ಅಧ್ಯಯನ ಈಗಿನ ಜಾಂಬಿಯಾದ ತಾಮ್ರದ ಗಣಿಪಟ್ಟಣಗಳದ್ದು. ಅಲ್ಲಿ ಭಾನುವಾರಗಳಂದು ಕಲೇಲ ಎಂಬ ಕುಣಿತವನ್ನು ಕುಣಿಯುತ್ತಿದ್ದ ಕೆಲಸಗಾರರು ತೊಡುತ್ತಿದ್ದುದು ನೀಟಾದ ಐರೋಪ್ಯ ಉಡುಪು, ಹಾಡುತ್ತಿದ್ದುದು ತಮ್ಮ ಬುಡಕಟ್ಟಿನ ಹಿರಿಮೆ ಮತ್ತು ಇತರರ ಗೇಲಿ. ಇದನ್ನು ನೋಡಿದ ಮಿಚೆಲ್, ಪಟ್ಟಣದಲ್ಲಿ ಬುಡಕಟ್ಟು ಎಂಬುದು ಹಳ್ಳಿಯಿಂದ ಹೊತ್ತು ತಂದ ಹಳೆಯ ವ್ಯವಸ್ಥೆಯಾಗಿ ಉಳಿಯದೆ, ಅಪರಿಚಿತರ ನಡುವೆ ಯಾರು ಎಂಥವರೆಂದು ತಿಳಿದುಕೊಳ್ಳಲು ಜನ ಬಳಸುವ ಗುರುತಾಗಿ ಮಾರ್ಪಟ್ಟಿದೆ ಎಂದು ವಾದಿಸಿದರು.

ಹೊರನಾಡಿನಲ್ಲಿರುವ ನಮ್ಮಂಥವರಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಕನ್ನಡಿಗರು ಕೂಡಿದಲ್ಲಿ ನಾನು ಮಂಡ್ಯದವಳು. ದೇವಸ್ಥಾನದಲ್ಲಿ, ತಮಿಳರೂ ಗುಜರಾತಿಗಳೂ ಇರುವಲ್ಲಿ, ಕನ್ನಡದವಳು. ಸರ್ಕಾರಿ ಅರ್ಜಿಯ ಚೌಕದಲ್ಲಿ ಏಷ್ಯಾದವಳು. ಇವೆಲ್ಲವೂ ನಿಜವೇ, ಎದುರಿಗೆ ಯಾರಿದ್ದಾರೆ ಎಂಬುದರ ಮೇಲೆ ಒಂದು ಮುಂದೆ ಬರುತ್ತದೆ, ಉಳಿದವು ಹಿಂದೆ ಸರಿಯುತ್ತವೆ. ಆದರೆ ಜಾತಿ ಹಾಗೆ ಹಿಂದೆ ಸರಿದು ಮರೆಯಾಗುವುದಿಲ್ಲ. “ನೀವು ಯಾವ ಕಡೆಯವರು?” ಎಂಬ ಪ್ರಶ್ನೆಗೆ ಊರಿನ ಹೆಸರು ಹೇಳಿದ ಮೇಲೂ ಕೆಲವರ ಮುಖದಲ್ಲಿ ಇನ್ನೊಂದು ಪ್ರಶ್ನೆ ಉಳಿದಿರುತ್ತದೆ. ಬ್ರಿಟನ್ನಿನ ಸಂಸತ್ತು 2010ರ ಸಮಾನತಾ ಕಾಯ್ದೆಗೆ 2013ರಲ್ಲಿ ತಿದ್ದುಪಡಿ ತಂದು, ಜಾತಿಯನ್ನೂ ಅದರ ವ್ಯಾಪ್ತಿಗೆ ಸೇರಿಸಬೇಕೆಂದು ಸರ್ಕಾರಕ್ಕೆ ವಿಧಿಸಿತ್ತು. 2018ರಲ್ಲಿ ಸರ್ಕಾರ ಹಾಗೆ ಸೇರಿಸದೆ, ನ್ಯಾಯಾಲಯಗಳ ತೀರ್ಪುಗಳೇ ಸಾಕೆಂದು ನಿರ್ಧರಿಸಿತು. ಆ ನಿರ್ಧಾರ ತಪ್ಪೆಂದೇ ನನ್ನ ಅಭಿಪ್ರಾಯ. ನಾಲೆಯ ನೀರಿಗೆ ಅಲುಗಾಡದ ಸಂಬಂಧಗಳು ವಿಮಾನ ಹತ್ತಿದ ಮಾತ್ರಕ್ಕೆ ಕರಗಿಹೋಗುತ್ತವೆಂದು ನಂಬಲು ಕಾರಣವಿಲ್ಲ.

ಹೊಸ ಸಂಬಂಧಗಳೂ ಹುಟ್ಟುತ್ತಿವೆ ಎಂಬುದನ್ನು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಇಲ್ಲಿ ಹೆರಿಗೆಯಾದ ಮಗಳ ಬಾಣಂತನಕ್ಕೆ ಬರುವ ತಾಯಿಗೆ ಸಾಮಾನ್ಯ ಭೇಟಿ ವೀಸಾದಲ್ಲಿ ಒಮ್ಮೆಗೆ ಆರು ತಿಂಗಳಷ್ಟೇ ಇರಲು ಅವಕಾಶ. ತಾಯಿ ಹೊರಟ ಮೇಲೆ ಮಗುವಿಗೆ ಎಣ್ಣೆ ನೀರು ಹಾಕಲು ಬರುವ, ತಾನು ಕೆಲಸಕ್ಕೆ ಹೋಗುವ ಮುನ್ನ ಸಾರು ಮಾಡಿ ತಂದುಕೊಡುವ ಬೀದರಿನ ಅಕ್ಕನಿಗೂ ಹಾಸನದ ಬಾಣಂತಿಗೂ ರಕ್ತಸಂಬಂಧವಿಲ್ಲ, ಜಾತಿಯ ನಂಟಿಲ್ಲ. ಊರಿನಲ್ಲಿದ್ದಿದ್ದರೆ ಇವರಿಬ್ಬರು ಭೇಟಿಯಾಗುತ್ತಲೇ ಇರಲಿಲ್ಲ. ಯಾರು ಯಾರ ಅಡುಗೆಮನೆಯೊಳಕ್ಕೆ ಹೋಗುತ್ತಾರೆ, ಬಾಡಿಗೆ ಮನೆಯ ಮುಂಗಡಕ್ಕೆ ಯಾರ ಬಳಿ ಕೈಸಾಲ ಕೇಳುತ್ತಾರೆ, ಮಕ್ಕಳ ಮದುವೆಯ ಮಾತು ಬಂದಾಗ ಈ ಅಕ್ಕತಂಗಿಯರ ನಂಟು ಎಲ್ಲಿಯವರೆಗೆ ತಡೆದುಕೊಳ್ಳುತ್ತದೆ ಎಂಬುದನ್ನು ಮನೆಮನೆಗೆ ಹೋಗಿ, ಎಪ್‌ಸ್ಟೈನ್ ಅವರು ನಮ್ಮ ಹಳ್ಳಿಗಳಲ್ಲಿ ವಹಿಸಿದಷ್ಟೇ ಶ್ರದ್ಧೆಯಿಂದ, ಬರೆದಿಡುವ ಕೆಲಸಕ್ಕೆ ನಾನು ಈ ಚಳಿಗಾಲದಲ್ಲಿ ಕೈಹಾಕಿದ್ದೇನೆ.