ಬದುಕಿ ಬಂದವರು ಉಯಿಲಿನಲ್ಲಿ ದಾನ ಬರೆಯುವುದೇಕೆ?

"ಅಷ್ಟೆಲ್ಲ ಅನುಭವಿಸಿ ಬದುಕಿ ಬಂದಿದ್ದೀರಿ. ಇನ್ನಾದರೂ ಹಾಯಾಗಿರುವುದು ಬಿಟ್ಟು, ಉಯಿಲಿನಲ್ಲೂ ದಾನ ಬರೆದಿಟ್ಟಿದ್ದೀರಂತೆ, ಯಾಕೆ?" ನನಗೆ ಕ್ಯಾನ್ಸರ್ ಬಂದು ವಾಸಿಯಾದದ್ದು ಗೊತ್ತಿರುವವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. ನಾನು ಯಾರ ಋಣದಲ್ಲಿದ್ದೇನೋ ಅವರಲ್ಲಿ ಹೆಚ್ಚಿನವರು ನನ್ನ ಕೈಗೆ ಸಿಗುವವರಲ್ಲ, ಅದಕ್ಕೆ.

ವೈದ್ಯರಿಗೂ ದಾದಿಯರಿಗೂ ಕೈಮುಗಿದು ಬಂದೆ. ಆದರೆ ನನ್ನ ರಕ್ತನಾಳಕ್ಕೆ ಇಳಿದ ಔಷಧಿ ಸಿಸ್‌ಪ್ಲಾಟಿನ್. ಅದರ ಗುಣವನ್ನು ಕಂಡುಕೊಂಡ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ಕ್ಯಾನ್ಸರ್ ಮದ್ದನ್ನು ಹುಡುಕುತ್ತಲೇ ಇರಲಿಲ್ಲ. ಬ್ಯಾಕ್ಟೀರಿಯಾಗಳ ನಡುವೆ ವಿದ್ಯುತ್ ಹಾಯಿಸಿ ಏನಾಗುತ್ತದೆಂದು ನೋಡುತ್ತಿದ್ದರು. ಅವು ಎರಡಾಗಿ ಒಡೆಯುವುದನ್ನು ಬಿಟ್ಟು ಸುಮ್ಮನೆ ಉದ್ದಕ್ಕೆ ಬೆಳೆದವು. ಅದಕ್ಕೆ ಕಾರಣ ವಿದ್ಯುತ್ತಲ್ಲ, ವಿದ್ಯುತ್ ಹಾಯಿಸಲು ಇಟ್ಟ ಲೋಹದ ಎಲೆಕ್ಟ್ರೋಡಿನಿಂದ ದ್ರಾವಣಕ್ಕೆ ಸೇರಿದ ಪ್ಲಾಟಿನಂ. ಒಡೆದು ಒಡೆದು ಹೆಚ್ಚುವ ಕ್ಯಾನ್ಸರ್ ಕಣಗಳನ್ನೂ ಇದರಿಂದಲೇ ತಡೆಯಬಹುದೆಂಬ ಯೋಚನೆ ಹುಟ್ಟಿದ್ದು ಹೀಗೆ; ಸಿಸ್‌ಪ್ಲಾಟಿನ್ ಎಂದರೆ ಪ್ಲಾಟಿನಂ ಸೇರಿದ ಮದ್ದು. ಬ್ಯಾಕ್ಟೀರಿಯಾಗಳ ಈ ಸಂಗತಿ ಪ್ರಕಟವಾದದ್ದು 1965ರಲ್ಲಿ. ಅಮೆರಿಕದಲ್ಲಿ ಔಷಧಿಗೆ ಅನುಮತಿ ಸಿಕ್ಕಿದ್ದು 1978ರಲ್ಲಿ. ನಡುವಿನ ವರ್ಷಗಳಲ್ಲಿ ಇದನ್ನು ಮೊದಲು ತೆಗೆದುಕೊಂಡ ರೋಗಿಗಳ ಮೂತ್ರಪಿಂಡ ಕೆಟ್ಟಿತು, ತಡೆಯಲಾರದ ವಾಂತಿಯಾಯಿತು. ಅವರು ಪಟ್ಟ ಪಾಡಿನಿಂದಲೇ ಮೈಗೆ ಧಾರಾಳವಾಗಿ ನೀರು ಸೇರಿಸಬೇಕೆಂಬುದು ತಿಳಿಯಿತು. ನನಗೆ ಔಷಧಿಗೆ ಮುಂಚೆ ಗಂಟೆಗಟ್ಟಲೆ ಸಲೈನ್ ಹನಿಯುತ್ತಿತ್ತು. ದಾದಿ ಪ್ರತಿಸಲ ಮೂತ್ರದ ಅಳತೆ ಬರೆದುಕೊಳ್ಳುತ್ತಿದ್ದರು. ನನ್ನ ಮೂತ್ರಪಿಂಡ ಉಳಿದದ್ದು ಅಂಥ ಎಚ್ಚರಿಕೆಯಿಂದ, ಹೆಸರೂ ಗೊತ್ತಿಲ್ಲದ ಆ ಜನರಿಂದ. ಆ ಋಣವನ್ನು ಹಿಂದಕ್ಕೆ ತೀರಿಸುವ ದಾರಿಯಿಲ್ಲ, ಮುಂದಿನವರಿಗೆ ದಾಟಿಸಬಹುದು ಅಷ್ಟೆ.

ಹಾಗಾಗಿ ಸಂಶೋಧನೆಗೆ ಬರೆದ ಪಾಲಿಗೆ ನಾನು ಷರತ್ತು ಹಾಕಿಲ್ಲ. ನನಗೆ ಬಂದ ಕ್ಯಾನ್ಸರಿಗೇ ಬಳಸಬೇಕು ಎಂದು ಬರೆಯುವ ಆಸೆ ಬರುತ್ತದೆ, ಸಹಜ. ಆದರೆ ಮುಂದಿನ ಮದ್ದು ಯಾವ ಪ್ರಯೋಗಾಲಯದ ಯಾವ ಮೂಲೆಯಿಂದ ಬರುತ್ತದೋ ಯಾರು ಬಲ್ಲರು?

ಇನ್ನೊಂದು ಪಾಲನ್ನು ಸಾವಿನವರೆಗೆ ಕಾಯಿಸದೆ ಈಗಲೇ ಕೊಡುತ್ತಿದ್ದೇನೆ. ಕೀಮೋ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸೊಬ್ಬರು ಮುಂದಿನ ಸರದಿಯನ್ನು ಮುಂದೂಡಬಹುದೇ ಎಂದು ದಾದಿಯನ್ನು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಔಷಧಿಯ ದುಡ್ಡು ಹೇಗೋ ಹೊಂದಿತ್ತು. ಉಳಿದುಕೊಳ್ಳುವ ಕೋಣೆಯ ಬಾಡಿಗೆ ಹೊಂದಿರಲಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಎಷ್ಟೋ ಸಲ ಹೀಗೆ: ಪ್ರಯಾಣದ ಖರ್ಚು, ವಸತಿ, ಜೊತೆಗೆ ಬಂದವರ ಕಳೆದುಹೋದ ಕೂಲಿ. ಇಂಥದಕ್ಕೆ ಕೊಡುವ ದುಡ್ಡು ಆ ವಾರವೇ ಕೆಲಸ ಮಾಡುತ್ತದೆ. ನನ್ನ ಮನಸ್ಸು ಹೆಚ್ಚು ತುಂಬುವುದು ಇದರಲ್ಲೇ.

ಉಯಿಲಿನ ವಿಷಯದಲ್ಲಿ ಒಳ್ಳೆಯ ಮನಸ್ಸೊಂದೇ ಸಾಲದು. ಆಲ್ಫ್ರೆಡ್ ನೊಬೆಲ್ 1895ರಲ್ಲಿ ವಕೀಲರ ನೆರವಿಲ್ಲದೆ ಉಯಿಲು ಬರೆದರು. ಬಹುಮಾನ ಕೊಡಬೇಕಾದ ಸಂಸ್ಥೆಗಳನ್ನು ಮೊದಲೇ ಕೇಳಿರಲಿಲ್ಲ, ದುಡ್ಡು ನೋಡಿಕೊಳ್ಳುವ ಪ್ರತಿಷ್ಠಾನವೂ ಇರಲಿಲ್ಲ. 1896ರಲ್ಲಿ ಅವರು ತೀರಿಕೊಂಡ ಮೇಲೆ ಬಂಧುಗಳಲ್ಲಿ ಕೆಲವರು ತಕರಾರು ತೆಗೆದರು. ಮೊದಲ ಬಹುಮಾನ ಕೊಡುವಾಗ 1901 ಆಗಿತ್ತು. ಅಷ್ಟು ದೊಡ್ಡ ಆಸ್ತಿಗೇ ಹೀಗಾದರೆ ನಮ್ಮಂಥವರ ಗತಿ? ಅದಕ್ಕೇ ಸಂಸ್ಥೆಯ ನೋಂದಾಯಿತ ಹೆಸರನ್ನೇ ಬರೆಸಿದೆ, ಅವರಿಗೂ ತಿಳಿಸಿದೆ. ಆ ಸಂಸ್ಥೆ ಮುಂದೆ ಮುಚ್ಚಿಹೋದರೆ ದುಡ್ಡು ಎಲ್ಲಿಗೆ ಹೋಗಬೇಕೆಂಬುದನ್ನೂ ಬರೆಸಿದೆ. ಇಂತಿಷ್ಟು ಮೊತ್ತ ಎನ್ನದೆ, ಸಾಲ, ಖರ್ಚು ಕಳೆದು ಉಳಿದದ್ದರಲ್ಲಿ ಇಂತಿಷ್ಟು ಪಾಲು ಎಂದಿದ್ದೇನೆ. ಮುಂದೆ ಆಸ್ತಿ ಕರಗಿದರೆ ದಾನವೂ ಅಷ್ಟಕ್ಕೆ ಕರಗುತ್ತದೆ, ಮಕ್ಕಳ ಪಾಲನ್ನು ನುಂಗುವುದಿಲ್ಲ. ವಿಮೆ, ಪಿಂಚಣಿ ಕಾಗದಗಳಲ್ಲಿರುವ ಹೆಸರುಗಳು ಉಯಿಲಿಗೆ ಹೊಂದುತ್ತವೆಯೇ ಎಂದು ವಕೀಲರನ್ನು ಕೂರಿಸಿಕೊಂಡು ನೋಡುವುದೂ ಅಷ್ಟೇ ಮುಖ್ಯ.

ಮಕ್ಕಳಿಗೆ ನಾನೇ ಓದಿ ಹೇಳಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಮುಂದಿನ ತಪಾಸಣೆಗಳಿಗೆ ಎತ್ತಿಟ್ಟಿದ್ದೀರಾ, ಅಪ್ಪಾ?" ಎಂದು ಕೇಳಿದ. ಎತ್ತಿಟ್ಟಿದ್ದೆ. ಈ ಪ್ರಶ್ನೆಯನ್ನು ನಾನೂ ಎಲ್ಲರಿಗೂ ಕೇಳುತ್ತೇನೆ. ಕಾಯಿಲೆ ಮರಳಬಹುದು, ಔಷಧಿಯ ಅಡ್ಡ ಪರಿಣಾಮ ವರ್ಷಗಳ ನಂತರ ತಲೆಯೆತ್ತಬಹುದು. ಇನ್ನೂ ಚಿಕಿತ್ಸೆಯಲ್ಲಿರುವವರು, ಸಾಲ ಮಾಡಿ ಗುಣವಾದವರು ಬಂದು "ನಾವೂ ಕೊಡಬೇಕು" ಎಂದರೆ, ಈಗ ಬೇಡ, ಮೊದಲು ನಿಮ್ಮ ಸಾಲ ತೀರಲಿ, ನಿಮ್ಮ ಆರೋಗ್ಯಕ್ಕೆ ಒಂದಿಷ್ಟು ಕೂಡಲಿ ಎಂದೇ ಹೇಳುತ್ತೇನೆ.