ಹರಿಲಾರ್ದಂಗ ಬಿಡಿಸಿದ ಸ್ಟ್ಯಾಂಪು

"ಮಾಮಾ, ನೋಡು, ಒಂಚೂರೂ ಹರಿಲಾರ್ದಂಗ ಬಿಡಿಸೀನಿ." ಮೊನ್ನೆ ರವಿವಾರ ಅಕ್ಕನ ಮಗ ಅಂಗೈ ಮ್ಯಾಲ ಹಸೀ ಸ್ಟ್ಯಾಂಪ್ ಇಟ್ಗೊಂಡು ಬಂದು ನಿಂತಾಗ ಮೊದಲ ಖುಷೀನೇ ಆತು, ಆಮ್ಯಾಲ ಅದರ ಮ್ಯಾಲಿನ ಸಿಕ್ಕಾ, ಅಂದ್ರ ಊರು-ತಾರೀಖಿನ ಪೋಸ್ಟಾಫೀಸಿನ ಮುದ್ರಿ, ನೋಡ್ದೆ, ಎದಿ ಧಸಕ್ಕಂತು.

ಅದು 1 ನವೆಂಬರ್ 2014ರ ಕವರಿಂದು. ನಮ್ಮೂರು ಗುಲ್ಬರ್ಗಾ ಹೋಗಿ ಕಲಬುರಗಿ ಆದ ದಿನ. ಐದು ರೂಪಾಯಿ ಸ್ಟ್ಯಾಂಪ್ ಹಚ್ಚಿ ನನ್ನ ಅಡ್ರೆಸ್ಸಿಗೆ ನಾನೇ ಪೋಸ್ಟ್ ಮಾಡಿದ್ದೆ, ಹೊಸಾ ಹೆಸರಿನ ತಾರೀಖು, ಹಳೇ ಹೆಸರಿನ ಸಿಕ್ಕಾ, ಎರಡೂ ಒಂದೇ ಕಾಗದದ ಮ್ಯಾಲ ಬಿದ್ದಿದ್ದವು. ಈಗ "ಗುಲ್" ಕವರ್ ಮ್ಯಾಲ ಉಳದದ, "ಬರ್ಗಾ" ಸ್ಟ್ಯಾಂಪ್ ಜೊತಿ ಎದ್ದು ಬಂದದ. ಜೆಲ್ ಪೆನ್ನಿಲೆ ಬರದಿದ್ದ ಅಡ್ರೆಸ್ ನೀರಿಗೆ ನೀಲಿ ನೀಲಿ ಹರಡೇದ.

ರಾಜ್ಯೋತ್ಸವದ್ದು, ಸುವರ್ಣ ವರ್ಷದ್ದು ಅಂತ ಅಂಚೆ ಇಲಾಖೆ ನೆನಪಿಗಂತ ಹೊರಡಿಸೋ ಸ್ಪೆಷಲ್ ಕವರ್ ಕೂಡಿಸೋರಿಗೆ ಗೊತ್ತದ, ಬೆಲಿ ಇರೋದು ಸ್ಟ್ಯಾಂಪಿಗಲ್ಲ, ಆ ಊರು ಆ ದಿನ ಒಟ್ಟಿಗೆ ಬಿದ್ದ ಸಿಕ್ಕಾಕ್ಕ. ಭಾವ ಮಾತ್ರ "ಹೊಸಾ ಕವರ್ ತಂದ್ರಾತು ಬಿಡೋ" ಅಂದ್ರು. ಒಳ್ಳೇ ಮನುಷ್ಯಾರು, ಆದ್ರ ಅವ್ರಿಗೆ ರೊಕ್ಕಾ ಕೊಟ್ರ ಬರಲಾರದ ಸಾಮಾನು ಇರ್ತದ ಅಂತ ತಿಳಿಯೋದೇ ಇಲ್ಲ. ಆ ತಾರೀಖು ಎಲ್ಲಿಂದ ತರಬೇಕು?

ಹುಡುಗನ್ನ ಬೈಲಿಕ್ಕೂ ಬಾಯಿ ಬರಲಿಲ್ಲ. ದೀಪಾವಳಿ ಸೂಟಿಯಾಗ ಉಗುರುಬೆಚ್ಚಗಿನ ನೀರಾಗ ನೆನಸು, ಜಗ್ಗಬ್ಯಾಡ, ತಾನೇ ಬಿಡ್ತದ ಅಂತ ಕಲಿಸಿದಾಂವ ನಾನೇ. ಕವರ್ ಇಡೀದಾಗೇ ಇರಬೇಕು ಅಂತ ಹೇಳಲೇ ಇಲ್ಲ. ಅಂವಾ ಹೇಳ್ದಂಗ ಮಾಡ್ಯಾನ, ಭಾಳ ಜ್ವಾಕಿಲೆ ಮಾಡ್ಯಾನ. "ಹರಿಲಾರ್ದಂಗ ಬಿಡಿಸೀನಿ", ನಾಕ್ ದಿನಾ ಆತು, ಇನ್ನೂ ಕಿವಿಯಾಗ ಅದ.

ರಾತ್ರಿ ಮಲ್ಕೊಂಡಾಗ ಅದೇ ಯೋಚನಿ. ನಮ್ ಕಡೆ ಒಬ್ಬ ಮುತ್ಯಾನ ಆಯುಷ್ಯದಾಗ ಎಷ್ಟ್ ಹೆಸರು ಬದಲಾದವು ನೋಡ್ರಿ, 1948ರ ಸೆಪ್ಟೆಂಬರ್ 17ಕ್ಕ ನಿಜಾಮನ ಆಳ್ವಿಕಿ ಮುಗೀತು, 1956ಕ್ಕ ಮೈಸೂರು ರಾಜ್ಯ ಸೇರಿದ್ವಿ, 1973ಕ್ಕ ಕರ್ನಾಟಕ, 2019ಕ್ಕ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. ಮನ್ಯಾಗ ಅವ್ವ ಇನ್ನೂ ಗುಲಬರ್ಗಾ ಅಂತಾಳ. ಇದೆಲ್ಲಾ ಪುಸ್ತಕದಾಗ ಓದೋದು ಬ್ಯಾರೆ, ಕೈಯಾಗಿನ ಕಾಗದದ ಮ್ಯಾಲ ನೋಡೋದು ಬ್ಯಾರೆ.

ಗೋಂದು ಹಚ್ಚಿ ತಿರುಗಿ ಅಂಟಿಸು ಅಂದ್ಳು ಅಕ್ಕ. ಅದು ಸುಳ್ಳಾಗ್ತದ. ಎರಡೂ ತುಂಡು ಒಂದೇ ಪ್ಲಾಸ್ಟಿಕ್ ಹಾಳ್ಯಾಗ ಬಾಜುಬಾಜುಕ ಇಟ್ಟೀನಿ, ಬರೋ ನವೆಂಬರ್ ಒಂದಕ್ಕ ಹುಡುಗನ ಹೆಸರಿಗೆ ಒಂದು ಕವರ್ ಹಾಕೋದು ಅಂತ ಇಬ್ರೂ ಮಾತಾಡ್ಕೊಂಡೀವಿ.