ಅದು ನನ್ನ ಕೈ ಕಣೋ

"ಅದು ನಿಮ್ಮಪ್ಪನ ಕೈ ಅಲ್ಲ ಕಣೋ, ನನ್ನ ಕೈ."

ಭಾನುವಾರದಿಂದ ಇದೊಂದೇ ಮಾತು ತಲೇಲಿ ಓಡ್ತಾ ಇದೆ. ಲೋಕಲ್‌ನಲ್ಲಿ ಬಾಗಿಲ ಹತ್ರ ನಿಂತಾಗ್ಲೂ ಅದೇ, ರಾತ್ರಿ ಮಲಗಿದಾಗ್ಲೂ ಅದೇ. ಹೇಳಿದ್ದು ಮಾಟುಂಗಾದ ಒಬ್ಬ ಅಮ್ಮ, ಅವರ ಮನೆಯ ಹಳೇ ರೇಸ್ ಕಾರನ್ನ ನಾವು ಗ್ಯಾರೇಜಲ್ಲಿ ರಿಪೇರಿ ಮಾಡ್ತಾ ಇದ್ದೀವಿ. ಕೇಳಿಸ್ಕೊಂಡಿದ್ದು ಅವರ ಮಗ, ನಾನು, ಗ್ಯಾರೇಜಿನ ಅಣ್ಣ, ಮತ್ತೆ ಗ್ರೈಂಡರ್ ಹಿಡ್ಕೊಂಡು ನಿಂತಿದ್ದ ಹೆಲ್ಪರ್ ಹುಡುಗ. ಆ ಹುಡುಗ ಯುಪಿಯವನು, ಕನ್ನಡ ಒಂದಕ್ಷರ ಬರಲ್ಲ, ಆದ್ರೂ ಗ್ರೈಂಡರ್ ತಾನಾಗೇ ಕೆಳಗಿಟ್ಟ.

ಕಾರು ಸಿಪಾನಿ ಡಾಲ್ಫಿನ್. ಈಗಿನವರಿಗೆ ಗೊತ್ತಿರಲ್ಲ, ಆದ್ರೆ ಕನ್ನಡದವರು ಗೊತ್ತು ಮಾಡ್ಕೋಬೇಕಾದ ಕಾರು ಇದು, ಯಾಕಂದ್ರೆ ಹುಟ್ಟಿದ್ದು ನಮ್ಮ ಬೆಂಗಳೂರಲ್ಲಿ. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನೋ ಪುಟ್ಟ ಕಾರನ್ನ ಸಿಪಾನಿಯವರು 1982ರ ಸುಮಾರಿಗೆ ಇಲ್ಲಿ ಮಾಡೋಕೆ ಶುರು ಮಾಡಿದ್ರು, ಎರಡೇ ಬಾಗಿಲು, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಕ್ಕೆ ಪವರ್, ಬಾಡಿ ಪೂರ್ತಿ ಫೈಬರ್. 1983ರ ಡಿಸೆಂಬರಲ್ಲಿ ಮಾರುತಿ 800 ಬಂತು, ಅಲ್ಲಿಗೆ ಮನೆಗೆ ಕಾರು ತಗೊಳ್ಳೋರು ಯಾರೂ ಡಾಲ್ಫಿನ್ ಕಡೆ ತಿರುಗಿ ನೋಡ್ಲಿಲ್ಲ. ಆದ್ರೆ ರೇಸಿನವರು ನೋಡಿದ್ರು. ಫಿಯೆಟ್‌ಗಿಂತ ಕ್ವಿಂಟಲ್‌ಗಟ್ಟಲೆ ಹಗುರ ಇರೋ ಕಾರು, ಎಂಜಿನ್ ಸ್ವಲ್ಪ ಟ್ಯೂನ್ ಮಾಡಿ ಬಿಟ್ರೆ ದೊಡ್ಡ ಕಾರುಗಳ ಪಕ್ಕಕ್ಕೆ ಬಂದು ನಿಲ್ತಿತ್ತು. ಚೆನ್ನೈ ಹತ್ರ ಶೋಳವರಂ ಅಂತ ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್ ಇದೆ, 1990ರಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಆಗೋವರೆಗೂ ನಮ್ಮ ದೇಶದ ರೇಸು ಅಂದ್ರೆ ಅದೇ, ಅಲ್ಲಿ ಓಡಿದ ಕಾರು ಇದು. ಓಡಿಸ್ತಿದ್ದಿದ್ದು ಆ ಅಮ್ಮನ ಯಜಮಾನ್ರು. ಅವರು ತೀರ್ಕೊಂಡ್ಮೇಲೆ ಬೆಂಗಳೂರಲ್ಲಿ ಸಂಬಂಧಿಕರ ಶೆಡ್ಡಲ್ಲಿ ಧೂಳು ತಿಂತಾ ಇದ್ದಿದ್ದನ್ನ ಮಗ ಲಾರಿ ಮೇಲೆ ಹಾಕಿಸ್ಕೊಂಡು ಮುಂಬೈಗೆ ತಂದ. ಕೆಎ ಸೀರೀಸ್ ಬರೋಕೆ ಮುಂಚಿನ ಹಳೇ ನಂಬರ್ ಪ್ಲೇಟು ಹಾಗೇ ಇದೆ.

ಮಗನ ಬಗ್ಗೆ ಒಂದು ಮಾತು ಹೇಳ್ಬೇಕು. ಕೆಟ್ಟವನಲ್ಲ. ದುಡ್ಡು ಬಿಚ್ಚೋಕೆ ಹಿಂದೆಮುಂದೆ ನೋಡಲ್ಲ, ಅಪ್ಪನ ಮೇಲೆ ಪ್ರೀತಿನೂ ಇದೆ. ಆದ್ರೆ ಪ್ರೀತಿ ತೋರ್ಸೋದು ಅಂದ್ರೆ ಫಳಫಳ ಅನ್ನಿಸೋದು ಅಂತ ಅವನ ತಲೇಲಿ ಕೂತ್ಬಿಟ್ಟಿದೆ. ಫೋನಲ್ಲಿ ಅಮೆರಿಕದ ಹಾಟ್ ರಾಡ್ (ಹಳೇ ಕಾರನ್ನ ಸ್ಪೀಡಿಗೆ ಅಂತ ಬದಲಾಯಿಸಿದ್ದು) ವಿಡಿಯೋ ತೋರ್ಸಿ ತೋರ್ಸಿ, ಅಂಕಲ್ ಇದೇ ಥರ ಆಗ್ಬೇಕು, ಆ್ಯಕ್ಸಿಡೆಂಟ್ ಆದ ಹೊಸ ಕಾರಿನ ಎಂಜಿನ್ ಒಂದು ಸಿಗುತ್ತಂತೆ ಕೂರಿಸೋಣ, ಅಗಲ ಟೈರ್ ಹಾಕೋಣ, ಒಳಗಡೆ ಈ ಗಲೀಜೆಲ್ಲಾ ಗ್ರೈಂಡ್ ಮಾಡಿ ನೈಸಾಗಿ ಕರಿ ಪೇಂಟ್ ಹೊಡೆಯೋಣ ಅಂತಿದ್ದ.

ಆ ಗಲೀಜು ಅಂದ್ನಲ್ಲ, ಅದನ್ನ ಸ್ವಲ್ಪ ಹೇಳ್ತೀನಿ ಕೇಳಿ. ಹಿಂದಿನ ಎಡಗಡೆ ಚಕ್ರದ ಮೇಲ್ಭಾಗ, ಡಿಕ್ಕಿಯೊಳಗಿಂದ ತಲೆ ಹಾಕಿ ಟಾರ್ಚ್ ಬಿಟ್ರೆ ಕಾಣುತ್ತೆ. ಹೊರಗಿನ ಬಾಡಿಗೂ ಒಳಗಿನ ವೀಲ್ ಆರ್ಚ್‌ಗೂ ಮಧ್ಯೆ ಸಂದಿ, ನನ್ನ ಕೈ ಮಣಿಕಟ್ಟಿನವರೆಗೂ ಹೋಗಲ್ಲ. ಆ ಸಂದಿಯಲ್ಲಿ ಒಂದು ಫೈಬರ್ ಪ್ಯಾಚ್. ಮ್ಯಾಟನ್ನ, ಅಂದ್ರೆ ಗಾಜಿನ ನಾರಿನ ಹಾಳೆನ, ಕತ್ತರಿಯಲ್ಲಿ ಕತ್ತರಿಸಿಲ್ಲ, ಹರಿದಿದ್ದಾರೆ, ಅಂಚೆಲ್ಲಾ ಎಳೆ ಎಳೆ. ಅದನ್ನ ಗಟ್ಟಿ ಮಾಡೋ ಅಂಟು, ರೆಸಿನ್, ಕೆಳಗಿಳಿದು ಎರಡು ಕಡೆ ಗಟ್ಟಿ ಹನಿಯಾಗಿ ನಿಂತಿದೆ, ಜೇನಿನ ಬಣ್ಣಕ್ಕೆ ತಿರುಗಿದೆ. ರೋಲರ್ ಬ್ರಷ್ ಏನೂ ಇಲ್ದೆ ಬರೀ ಕೈಯಲ್ಲಿ ಒತ್ತಿದ್ದು, ನಾಲ್ಕು ಬೆರಳಿನ ಗುಳಿ ಸಾಲಾಗಿ ಇದೆ, ಕಿರುಬೆರಳಿಂದು ಮಾತ್ರ ಸ್ವಲ್ಪ ಆಳ. ಬೆರಳಿನ ಗುಳಿಗಿಂತ ಹಿಂದೆ, ಮಣಿಕಟ್ಟು ತಾಗೋ ಜಾಗದಲ್ಲಿ, ಸಣ್ಣದೊಂದು ಬಾಗಿದ ಗೆರೆ. ಆ ಗೆರೆ ಏನು ಅಂತ ನಾವ್ಯಾರೂ ಯೋಚನೆನೇ ಮಾಡಿರ್ಲಿಲ್ಲ.

ಭಾನುವಾರ ಹೆಲ್ಪರ್ ಹುಡುಗ ಗ್ರೈಂಡರಿಗೆ ಡಿಸ್ಕ್ ಹಾಕಿದ್ದ. ಅಣ್ಣ ಹೋಗಿ ಪ್ಲಗ್ ಕಿತ್ರು. ಅಣ್ಣ ಮಂಗಳೂರು ಕಡೆಯವರು, ಸಣ್ಣ ಪ್ರಾಯದಲ್ಲಿ ಮುಂಬೈಗೆ ಬಂದು ಕುರ್ಲಾದಲ್ಲೇ ಫಿಯೆಟ್ ಮಾಡ್ತಿದ್ದ ಪ್ರೀಮಿಯರ್ ಫ್ಯಾಕ್ಟರಿ ಸುತ್ತಮುತ್ತ ಫಿಯೆಟ್ ಕೆಲಸ ಕಲಿತವರು, ಮಾತು ಕಮ್ಮಿ. "ಹೊರಗೆ ನಿಂಗೆ ಬೇಕಾದ್ದು ಮಾಡು ಮಾರಾಯ, ಒಳಗೆ ಮುಟ್ಲಿಕ್ಕಿಲ್ಲ. ರೇಸಿನವ ರಾತ್ರಿ ಕೂತು ಮಾಡಿದ ಕೆಲಸ ಅದು" ಅಂದ್ರು. ಮಗ ಒಪ್ಲಿಲ್ಲ. ಅಪ್ಪನ ಕೈ ಅಂದ್ರೆ ನಂಗೂ ಸೆಂಟಿಮೆಂಟ್ ಇದೆ ಅಂಕಲ್, ಆದ್ರೆ ಶೋಗೆ ಇಟ್ಟಾಗ ಜನ ಡಿಕ್ಕಿ ತೆಗೆದು ನೋಡ್ತಾರಲ್ಲ ಅಂದ. ಅಷ್ಟೊತ್ತಿಗೆ ಅವರಮ್ಮ, ಅಲ್ಲೀವರೆಗೂ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಚಹಾ ಕುಡೀತಿದ್ದವರು, ಎದ್ದು ಬಂದು, ಟಾರ್ಚ್ ಕೊಡು ಅಂತ ಇಸ್ಕೊಂಡು ಬಗ್ಗಿ ನೋಡಿದ್ರು. ಆಮೇಲೆ ಆ ಮಾತು. ನಿಮ್ಮಪ್ಪನ ಕೈ ಅಲ್ಲ ಕಣೋ, ನನ್ನ ಕೈ.

ಆಮೇಲೆ ಅವರೇ ಹೇಳಿದ್ದು ಇದು. ಪ್ರಾಕ್ಟೀಸ್ ದಿನ ಕಾರು ಹಿಂದಕ್ಕೆ ತಿರುಗಿ ಟ್ರ್ಯಾಕ್ ಪಕ್ಕದ ಡ್ರಮ್ಮಿಗೆ ಹೊಡೀತಂತೆ, ಎಡಗಡೆ ಬಾಡಿ ಸೀಳ್ತು, ಬೆಳಗ್ಗೆ ರೇಸು. ಒಳಗಿಂದ ಮ್ಯಾಟ್ ಹಾಕ್ದೇ ಹೋದ್ರೆ ಸೀಳು ನಿಲ್ಲಲ್ಲ, ಆದ್ರೆ ಆ ಸಂದಿಗೆ ಅವರ ಯಜಮಾನ್ರ ಕೈ ಹೋಗ್ಲಿಲ್ಲ, ಮೆಕ್ಯಾನಿಕ್ ಕೈನೂ ಹೋಗ್ಲಿಲ್ಲ. ಇವರಿಗೆ ಆಗ ಮದುವೆಯಾಗಿ ಹೊಸತು, ರೇಸ್ ನೋಡೋಕೆ ಅಂತ ಜೊತೆಗೆ ಹೋಗಿದ್ರು. ಇನ್ನೊಬ್ಬರ ಕಾರಿನ ಹೆಡ್‌ಲೈಟ್ ಬೆಳಕಲ್ಲಿ ಡಿಕ್ಕಿಯೊಳಗೆ ಮಲಗಿ, ಯಜಮಾನ್ರು ಹೊರಗಡೆಯಿಂದ ಬಾಡಿ ಒತ್ತಿ ಹಿಡ್ದಿದ್ದಾರೆ, ಇವರು ಒಳಗಡೆಯಿಂದ ರೆಸಿನ್ ಅದ್ದಿದ ಮ್ಯಾಟ್ ಅಂಟಿಸಿದ್ದಾರೆ. ಗ್ಲೌಸ್ ಎಲ್ಲಿಂದ ಬರ್ಬೇಕು. ಆ ಬಾಗಿದ ಗೆರೆ ಬಳೆದು. ಬಳೆಗೂ ರೆಸಿನ್ ಅಂಟಿ ತೆಗೆಯೋಕಾಗ್ದೆ ಒಡೆದು ತೆಗೆದ್ರಂತೆ, ಮದುವೆಯಾದ ಹೊಸದ್ರಲ್ಲಿ ಬಳೆ ಒಡ್ಕೊಂಡ್ಯಾ ಅಂತ ಅತ್ತೆ ಹತ್ರ ಬೈಸ್ಕೊಂಡ್ರಂತೆ. ಕೈ ಸಿಪ್ಪೆ ಎದ್ದು ವಾರಗಟ್ಟಲೆ ಸಾರು ಕಲಸೋಕೂ ಆಗ್ಲಿಲ್ವಂತೆ.

ಮಗನಿಗೆ ಇದ್ಯಾವುದೂ ಗೊತ್ತಿರ್ಲಿಲ್ಲ. ಮೂವತ್ತು ದಾಟಿದ ಮಗ. ಮನೇಲಿ ಅಪ್ಪನ ಕಪ್ಪುಗಳಿವೆ, ಅಪ್ಪನ ಹೆಲ್ಮೆಟ್ ಇದೆ, ಅಪ್ಪ ಕಾರಿಗೆ ಒರಗಿ ನಿಂತ ಫೋಟೋ ಇದೆ. ಅಮ್ಮ ಯಾವ ಫೋಟೋದಲ್ಲೂ ಇಲ್ಲ. ಅವರಾಗೇ ಹೇಳ್ಬಹುದಿತ್ತಲ್ಲ ಅಂತ ನಾನು ಕೇಳಿದ್ದಕ್ಕೆ "ಯಾರು ಕೇಳಿದ್ರು?" ಅಂದ್ರು, ಅಷ್ಟೇ. ಬೇಜಾರಿಂದ ಹೇಳಿದ್ದಲ್ಲ, ಮಾಮೂಲಿ ಧ್ವನಿ. ನನಗೆ ಅದು ಇನ್ನೂ ಜಾಸ್ತಿ ತಾಗ್ತು.

ನಮ್ಮಲ್ಲಿ ರಿಸ್ಟೋರೇಷನ್ ಅಂದ್ರೆ ಏನಾಗಿದೆ ಅಂದ್ರೆ, ಕಾರು ಶೋರೂಮಿಂದ ಬಂದ ದಿನ ಹೇಗಿತ್ತೋ ಹಾಗೆ ಮಾಡೋದು, ಕೆಲವು ಸಲ ಅದಕ್ಕಿಂತ ಜಾಸ್ತಿ. ಮದುವೆಗೆ ಬಾಡಿಗೆ ಬಿಡೋ ಕಾರಿಗೆ ಅದು ಸರಿ. ರೇಸ್ ಕಾರಿಗೆ ಅದು ಪೂರ್ತಿ ತಪ್ಪು ಅಂತ ನಾನು ಕಡ್ಡಿ ಮುರಿದಂಗೆ ಹೇಳ್ತೀನಿ. ರೇಸ್ ಕಾರು ಶೋರೂಮಿಂದ ಬಂದ ದಿನ ರೇಸ್ ಕಾರೇ ಆಗಿರ್ಲಿಲ್ಲ. ಸೀಟು ಕಿತ್ತು, ಪೈಪ್ ಬಗ್ಗಿಸಿ ರೋಲ್ ಕೇಜ್ (ಕಾರು ಮಗುಚಿದ್ರೆ ಓಡಿಸೋರನ್ನ ಕಾಯೋ ಪಂಜರ) ಕೂರಿಸಿ, ಎಂಜಿನ್ನಿನ ಹೆಡ್ ಲೇತಿಗೆ ಕೊಟ್ಟು ಕೆರೆಸಿ ಕಂಪ್ರೆಷನ್ ಏರಿಸಿ, ಹೊಡ್ಸ್ಕೊಂಡು, ಮತ್ತೆ ಅಂಟಿಸಿ, ಹಾಗೆ ಹಾಗೆ ಆದದ್ದು. ಆ ಕೆಲಸದ ಗುರುತೆಲ್ಲಾ ಉಜ್ಜಿ ಹಾಕಿದ್ರೆ ಉಳಿಯೋದು ಯಾರೂ ತಗೊಳ್ಳದೇ ಹೋದ ಒಂದು ಸಣ್ಣ ಫೈಬರ್ ಕಾರು.

ಇನ್ನು ಆ ಹಾಟ್ ರಾಡ್ ವಿಷಯ. ಮಗ ತೋರಿಸ್ತಿದ್ದ ವಿಡಿಯೋದ ಅಮೆರಿಕದಲ್ಲೇ ಹಾಟ್ ರಾಡ್ ಹುಟ್ಟಿದ್ದು ದುಡ್ಡಿಲ್ಲದ ಹುಡುಗರ ಕೈಯಲ್ಲಿ. 1930, 40ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ತಗೊಂಡು ಮಡ್‌ಗಾರ್ಡ್ ಕಿತ್ತೆಸೆದು, ಭಾರ ಇಳಿಸಿ, ಎಂಜಿನ್ ಬಿಚ್ಚಿ ಟ್ಯೂನ್ ಮಾಡಿ, ಮ್ಯೂರಾಕ್, ಎಲ್ ಮಿರಾಜ್ ಅಂತ ಒಣಗಿದ ಕೆರೆ ಅಂಗಳದಲ್ಲಿ ಸ್ಪೀಡ್ ನೋಡ್ತಿದ್ರು. 1932ರ ಫೋರ್ಡ್‌ಗೆ ಅಷ್ಟು ಹೆಸರು ಬಂದಿದ್ದು ಕಮ್ಮಿ ದುಡ್ಡಿಗೆ ವಿ8 ಎಂಜಿನ್ ಸಿಗ್ತಿತ್ತು ಅಂತ. ಕೈಲಿ ಇದ್ದಿದ್ರಲ್ಲಿ ಮಾಡಿದ್ದು. ಮುಂದೆ 1997ರಲ್ಲಿ ಪೆಬಲ್ ಬೀಚ್‌ನಲ್ಲಿ, ಅಂದ್ರೆ ಕೋಟಿಗಟ್ಟಲೆ ಬೆಲೆಯ ಕಾರುಗಳ ಆ ದೊಡ್ಡ ಶೋದಲ್ಲಿ, ಹಾಟ್ ರಾಡ್‌ಗೆ ಅಂತ್ಲೇ ಬೇರೆ ಕ್ಲಾಸ್ ಕೊಟ್ರು, ಅಲ್ಲಿ ಬೆಲೆ ಇರೋದು ಆ ಹುಡುಗರು ಅವತ್ತು ಮಾಡಿದ ಕೆಲಸಕ್ಕೆ. ಆ ಲೆಕ್ಕಕ್ಕೆ ಈ ಡಾಲ್ಫಿನ್ ಆಗ್ಲೇ ಹಾಟ್ ರಾಡ್ ಆಗಿದೆ, ಅವರಪ್ಪ ಅಮ್ಮ ಸೇರಿ ಮಾಡಿಟ್ಟಿದ್ದಾರೆ, ಇವನು ಹೊಸದಾಗಿ ಮಾಡ್ಬೇಕಾದ್ದು ಏನೂ ಇಲ್ಲ. ಇದನ್ನ ಅವನಿಗೆ ಹೇಳ್ದೆ. ಸುಮ್ನೆ ಕೇಳಿಸ್ಕೊಂಡ.

ಕಾನೂನೂ ಇವನ ಎಂಜಿನ್ ಆಸೆಗೆ ಅಡ್ಡ ಇದೆ, ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಆದ್ರೆ ನನಗೆ ಸಂಕಟ ಇರೋದು ಇನ್ನೊಂದು ಕಡೆ. 2021ರಲ್ಲಿ ವಿಂಟೇಜ್ ಗಾಡಿಗೆ ಅಂತ ಕೇಂದ್ರ ನಿಯಮ ತಂತು, ಒಳ್ಳೇದೇ ಆಯ್ತು, ವಿಎ ಅಂತ ಬೇರೆ ನಂಬರ್, 20,000 ರೂಪಾಯಿ ಫೀಸು, 10 ವರ್ಷ ಚಾಲ್ತಿ. ಷರತ್ತು ಏನಂದ್ರೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ ಬಾಡಿ ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಮೊದಲ ಡಾಲ್ಫಿನ್‌ಗೇ 50 ಆಗ್ಬೇಕಾದ್ರೆ 2032 ಬರಬೇಕು. ಆಗ್ಲೂ ಕೇಜು, ಕೊಯ್ದ ಬಾಡಿ, ಕೆರೆದ ಹೆಡ್ಡು ನೋಡಿದ್ರೆ ಇದು ಮೂಲ ರೂಪ ಅಂತ ಯಾರು ಸಹಿ ಹಾಕ್ತಾರೆ? ನಮ್ಮ ದೇಶದ ರೇಸಿನ ಚರಿತ್ರೆ ಇರೋದೇ ಇಂಥ ಕೊಯ್ದು ಅಂಟಿಸಿದ ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಡಾಲ್ಫಿನ್ ಕಾರುಗಳಲ್ಲಿ. ರಾಜರ ರೋಲ್ಸ್ ರಾಯ್ಸ್‌ಗೆ ಜಾಗ ಇದೆ, ಇವಕ್ಕೆ ಇಲ್ಲ. ಓಡಿದ ದಾಖಲೆ ಇರೋ ಹಳೇ ರೇಸ್ ಕಾರಿಗೆ ಒಂದು ಬೇರೆ ವರ್ಗ ಬೇಕೇ ಬೇಕು.

ಮುಂಬೈಯವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. 2023ರ ಅಕ್ಟೋಬರ್ ಕೊನೇಲಿ ಪದ್ಮಿನಿ ಟ್ಯಾಕ್ಸಿ, ಅಂದ್ರೆ ನಮ್ಮ ಹಳೇ ಫಿಯೆಟ್, ನಿಂತಾಗ ಎಲ್ಲರೂ ಪಕ್ಕ ನಿಂತು ಫೋಟೋ ತೆಗೆಸ್ಕೊಂಡ್ರು. ಕೊನೇ ಗಾಡಿ ರಿಜಿಸ್ಟರ್ ಆಗಿದ್ದು 2003ರಲ್ಲಿ, 20 ವರ್ಷದ ಮಿತಿ ಮುಗೀತು. ಸಾವಿರಾರು ಗಾಡಿ ಅದಕ್ಕೆ ಮುಂಚೆನೇ ಗುಜರಿಗೆ ಹೋಗಿತ್ತು, ಆಗ ಯಾರೂ ಫೋಟೋ ತೆಗೀಲಿಲ್ಲ. ಅಣ್ಣ ಮಾತ್ರ ಅವತ್ತಿಂದ ಸ್ಟೀರಿಂಗ್ ಪಕ್ಕದ ಗೇರ್ ರಾಡು, ಕಾರ್ಬುರೇಟರ್ ಅಂತ ಎತ್ತಿಟ್ಟು ಎತ್ತಿಟ್ಟು ಅಟ್ಟ ತುಂಬಿಸಿದ್ದಾರೆ.

ಅವತ್ತು ಸಂಜೆ ನಾವು ಬಲಗಡೆ ಬಿರುಕಿಗೆ ಮ್ಯಾಟ್ ಹಾಕೋಕೆ ಕೂತ್ವಿ, ಮಳೆ ಶುರುವಾದ್ರೆ ಈ ತೇವದಲ್ಲಿ ರೆಸಿನ್ ಸರಿಯಾಗಿ ಹಿಡಿಯಲ್ಲ. ಅಣ್ಣ ಮೊದಲು ಕೋಬಾಲ್ಟ್ ದ್ರಾವಣನ (ರೆಸಿನ್ ಬೇಗ ಗಟ್ಟಿಯಾಗೋಕೆ ಹಾಕೋದು) ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೇ ಹಾರ್ಡ್ನರ್ ಬಾಟಲಿ ಮುಚ್ಚಳ ತೆಗೆದ್ರು. ಕೋಬಾಲ್ಟ್, ಹಾರ್ಡ್ನರ್ ಎರಡನ್ನೂ ನೇರ ಒಟ್ಟಿಗೆ ಹಾಕಿದ್ರೆ ಸಿಡಿದು ಬೆಂಕಿ ಹತ್ತುತ್ತೆ, ಫೈಬರ್ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ಇಲ್ಲ. ಅಮ್ಮ ಪಕ್ಕದಲ್ಲಿ ನಿಂತು ನೋಡ್ತಾ "ಹೌದು, ಹೀಗೇನೇ, ಒಂದಾದ್ಮೇಲೆ ಒಂದು" ಅಂದ್ರು. ಅಣ್ಣ ತಲೆ ಎತ್ತಿ ಅವರನ್ನ ನೋಡಿದ ರೀತಿನೇ ಬೇರೆ ಇತ್ತು, ಜೊತೆಗೆ ಕೆಲಸ ಮಾಡೋರನ್ನ ನೋಡೋ ಥರ. ಆಮೇಲಿಂದ ಮಾತೆಲ್ಲಾ ಅಮ್ಮನ ಹತ್ರನೇ, ಕೇಜಿನ ಬೋಲ್ಟ್ ಯಾವ ಸೈಜು, ರೇಡಿಯೇಟರ್ ಯಾಕೆ ದೊಡ್ಡದು ಮಾಡಿದ್ರು, ಹಿಂದಿನ ಲೈಟಿಗೆ ಅರ್ಥ್ ವೈರ್ ಎಲ್ಲಿಂದ ಎಳೆದ್ರು ಅಂತ. ಫೈಬರ್ ಬಾಡೀಲಿ ಕರೆಂಟ್ ಹರಿಯಲ್ಲ, ಒಂದೊಂದು ಬಲ್ಬಿಗೂ ಬೇರೆ ಅರ್ಥ್ ವೈರ್ ಎಳೀಬೇಕು, ಆ ವೈರಿಂಗ್ ಹುಡುಕೋದೇ ಒಂದು ಕೆಲಸ ಆಗಿತ್ತು ನಮಗೆ. ಅವರಿಗೆ ಅರ್ಧಕ್ಕರ್ಧ ನೆನಪಿದೆ. ಇಷ್ಟು ದಿನ ನಾವು ಕೇಳಿದ್ದೆಲ್ಲಾ ಮಗನ್ನ.

ಒಳಗಿನ ಪ್ಯಾಚು ಹಾಗೇ ಇರುತ್ತೆ, ಅದು ತೀರ್ಮಾನ ಆಯ್ತು. ಅಗಲ ಟೈರ್ ವಿಷಯ ಇನ್ನೂ ಬಗೆಹರಿದಿಲ್ಲ, ನಾನು ಬಿಡೋದೂ ಇಲ್ಲ. ಗುರುವಾರ ರಾತ್ರಿ ಮಗ ಫೋನ್ ಮಾಡ್ದ, ಹೊಸ ಎಂಜಿನ್ ಮಾತು ಎತ್ಲಿಲ್ಲ, ಹಳೇ ಎಂಜಿನ್‌ಗೆ ಲೈನರು, ಹೆಡ್ ಗ್ಯಾಸ್ಕೆಟ್ ಇಂಗ್ಲೆಂಡಿಂದ ತರಿಸಿದ್ರೆ ಎಷ್ಟಾಗುತ್ತೆ ಅಂತ ಕೇಳ್ದ. ಜೊತೆಗೆ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ಮೂ ಬರ್ಕೋ ಅಂದೆ, ಈಗ ಬಂಕಲ್ಲಿ ಸಿಗೋ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರು ತಡೆಯಲ್ಲ. ನನಗೆ ಭಯ ಇರೋದು ಹೆಡ್ ಸ್ಟಡ್‌ಗಳ ಬಗ್ಗೆ, ಅಂದ್ರೆ ಹೆಡ್ಡನ್ನ ಎಂಜಿನ್ ಬ್ಲಾಕಿಗೆ ಹಿಡಿದಿಡೋ ಉದ್ದ ಬೋಲ್ಟುಗಳು. ಅಲ್ಯೂಮಿನಿಯಂ ಬ್ಲಾಕು, ವರ್ಷಗಟ್ಟಲೆ ಕೂಲೆಂಟ್ ಇಲ್ದೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ದು, ಸ್ಟಡ್ಡೆಲ್ಲಾ ಕಚ್ಕೊಂಡಿದೆ. ಜೋರು ಮಾಡಿದ್ರೆ ಬ್ಲಾಕ್ ಥ್ರೆಡ್ಡೇ ಕಿತ್ಕೊಂಡು ಬರುತ್ತೆ, ಬೇರೆ ಬ್ಲಾಕ್ ಎಲ್ಲಿಂದ ತರೋಣ. ಶನಿವಾರ ಬೆಳಗ್ಗೆ ಅಣ್ಣ ಬ್ಲೋ ಲ್ಯಾಂಪ್ ತರ್ತಾರೆ, ನಿಧಾನಕ್ಕೆ ಬಿಸಿ ಮಾಡಿ, ಎಣ್ಣೆ ಬಿಟ್ಟು, ಒಂದೊಂದೇ ಬಿಚ್ಚೋದು.